ಚಂದ್ರನ ಫೋಟೊಗೆ ಹುಣ್ಣಿಮೆಗಿಂತ ಹಿಂದಿನ ಸಂಜೆಯೇ ಮೇಲು

ಸಂಪಾದಕರಿಗೆ ನಮಸ್ಕಾರ.

ಪ್ರತಿ ಹುಣ್ಣಿಮೆಯ ಮರುದಿನ ಪತ್ರಿಕೆಗಳ ‘ಓದುಗರ ಚಿತ್ರ’ ಅಂಕಣದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಚಂದ್ರ ಕಾಣಿಸುತ್ತಾನೆ. ಒಂದು, ಕರಿಹಲಗೆಗೆ ಸುಣ್ಣದ ಬೊಟ್ಟು ಇಟ್ಟ ಹಾಗೆ ಕಲೆಯೂ ಇಲ್ಲದ, ಅಂಚೂ ಇಲ್ಲದ ಬಿಳಿ ಚುಕ್ಕೆ. ಇನ್ನೊಂದು, ಮುಸ್ಸಂಜೆಯ ಮರೀನ್ ಡ್ರೈವ್‌ನಲ್ಲಿ ಕಡಲ ಮೇಲೆ ಪರಾತದಷ್ಟು ದೊಡ್ಡದಾಗಿ ತೂಗುವ ಚಂದ್ರ. ಮೊದಲನೆಯದು ಗೊತ್ತಿಲ್ಲದೆ ಆದ ತಪ್ಪು, ತಿದ್ದಿಕೊಳ್ಳಬಹುದು. ಎರಡನೆಯದು ಅಂಟಿಸಿದ ಚಿತ್ರ. ಮರೀನ್ ಡ್ರೈವ್‌ಗೆ ಕಡಲಿರುವುದು ಪಶ್ಚಿಮಕ್ಕೆ. ಹುಣ್ಣಿಮೆ ಚಂದ್ರ ಸಂಜೆ ಹುಟ್ಟುವುದು ಪೂರ್ವಕ್ಕೆ, ಅಲ್ಲಿ ನಿಂತವರ ಬೆನ್ನ ಹಿಂದಿನ ಕಟ್ಟಡಗಳ ಮೇಲೆ. ಬೆಳಗಿನ ಜಾವ ತೆಗೆದದ್ದಾದರೆ ಸರಿ, ಸಂಜೆಯದಾಗಿರಲು ಸಾಧ್ಯವಿಲ್ಲ. ಬಾಂದ್ರಾ–ವರ್ಲಿ ಸೀ ಲಿಂಕ್ ಅನ್ನು ದಾದರ್, ಮಾಹೀಮ್ ಕಡೆಯಿಂದ ತೋರಿಸಿ ‘ಸಂಜೆಯ ಪೂರ್ಣಚಂದ್ರ’ ಎಂದು ಅಡಿಬರಹ ಕೊಟ್ಟ ಚಿತ್ರಗಳಿಗೂ ಇದೇ ಮಾತು ಸಲ್ಲುತ್ತದೆ.

ಇಂಥ ಅಂಟಿಸುವಿಕೆಗೆ ಮೂಲ ಕಾರಣ ಚಂದ್ರ ದೊಡ್ಡದಾಗಿ ಕಾಣಲೇಬೇಕು ಎಂಬ ಹಟ. ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡ ಚಂದ್ರ ಫೋಟೊದಲ್ಲಿ ಸಾಸಿವೆಯಷ್ಟಾದಾಗ ಬೇಸರವಾಗುವುದು ಸಹಜ. ಆದರೆ ಲೆಕ್ಕ ಇರುವುದೇ ಹಾಗೆ. ಆಕಾಶದಲ್ಲಿ ಚಂದ್ರನ ಅಗಲ ಅರ್ಧ ಡಿಗ್ರಿ ಮಾತ್ರ. ಲೆನ್ಸಿನ ಫೋಕಲ್ ಲೆಂತನ್ನು (ಅದರ ಮೇಲೆ ಎಂ.ಎಂ.ನಲ್ಲಿ ಬರೆದಿರುವ ಸಂಖ್ಯೆ) 110ರಿಂದ ಭಾಗಿಸಿದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಬೀಳುವ ಬಿಂಬದ ಗಾತ್ರ ಸಿಗುತ್ತದೆ: 50 ಎಂ.ಎಂ. ಲೆನ್ಸಿಗೆ ಅರ್ಧ ಎಂ.ಎಂ.ಗಿಂತ ಕಮ್ಮಿ, 200ಕ್ಕೆ 1.8 ಎಂ.ಎಂ., 400ಕ್ಕೆ 3.6. ದಿಗಂತದಲ್ಲಿ ಅವನು ದೊಡ್ಡದಾಗಿ ಕಾಣುವುದು ಮನಸ್ಸಿನ ಭ್ರಮೆ. ನಿಜಕ್ಕೂ ನೆತ್ತಿಯ ಮೇಲಿದ್ದಾಗಿಗಿಂತ ದಿಗಂತದಲ್ಲಿ ಒಂದೂವರೆ ಶೇಕಡದಷ್ಟು ಸಣ್ಣ, ಏಕೆಂದರೆ ಆಗ ಭೂಮಿಯ ತ್ರಿಜ್ಯದಷ್ಟು ಹೆಚ್ಚು ದೂರದಲ್ಲಿರುತ್ತಾನೆ. ‘ಸೂಪರ್‌ಮೂನ್’ ಎಂದು ಸುದ್ದಿಯಾಗುವ ದಿನವೂ ವರ್ಷದ ಅತಿ ಸಣ್ಣ ಹುಣ್ಣಿಮೆಗಿಂತ ವ್ಯಾಸದಲ್ಲಿ ಶೇ 14ರಷ್ಟೇ ದೊಡ್ಡವನು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಯಾರಿಗೂ ಗೊತ್ತಾಗದ ವ್ಯತ್ಯಾಸ ಅದು.

ಹಾಗಾಗಿ ಚಂದ್ರನನ್ನು ಸಣ್ಣದಾಗಿಯೇ ಇರಗೊಟ್ಟು, ಸುತ್ತಲಿನ ಆಕಾಶ, ನೀರು, ಒಂದು ಗೋಪುರ ಅಥವಾ ಒಂದು ತೆಂಗಿನ ತಲೆ ಅವನನ್ನು ಹೊತ್ತುಕೊಳ್ಳುವಂತೆ ಚೌಕಟ್ಟು ಕಟ್ಟುವುದು ಒಳ್ಳೆಯ ದಾರಿ. ಅದಕ್ಕೆ ಲಕ್ಷಗಟ್ಟಲೆ ಬೆಲೆಯ ಲೆನ್ಸ್ ಬೇಡ, ಸರಿಯಾದ ದಿನ ಬೇಕು. ಆ ದಿನ ಬಹುಮಟ್ಟಿಗೆ ಹುಣ್ಣಿಮೆಯಲ್ಲ, ಅದರ ಹಿಂದಿನ ಸಂಜೆ.

ಯಾಕೆಂದು ನೋಡೋಣ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೆ ಇವನು ಹುಟ್ಟುತ್ತಾನೆ. ಆದರೆ ಮುಂಬೈಯ ದಿಗಂತದಲ್ಲಿ ಕೆಳಗಿನ ಎರಡು–ಮೂರು ಡಿಗ್ರಿ ಧೂಳು, ಹೊಗೆ, ಉಪ್ಪಿನ ಮಬ್ಬಿಗೆ ಸಲ್ಲುತ್ತದೆ. ಚಂದ್ರ ಒಂದು ಡಿಗ್ರಿ ಏರಲು ಸುಮಾರು ನಾಲ್ಕೂವರೆ ನಿಮಿಷ ಬೇಕು. ಮಬ್ಬು ದಾಟಿ ಕಣ್ಣಿಗೆ ಬೀಳುವಷ್ಟರಲ್ಲಿ ಹತ್ತು–ಹದಿನೈದು ನಿಮಿಷ ಹೋಯಿತು. ನಮ್ಮ ಅಕ್ಷಾಂಶದಲ್ಲಿ ಮುಸ್ಸಂಜೆಯ ಉಪಯುಕ್ತ ಬೆಳಕು ಸೂರ್ಯಾಸ್ತದ ನಂತರ 20–25 ನಿಮಿಷ ಅಷ್ಟೇ. ಟ್ರೈಪಾಡಿನ ಕಾಲು ಬಿಡಿಸಿ ಚೌಕಟ್ಟು ನೋಡಿಕೊಳ್ಳುವಾಗ ಆಕಾಶ ಕಪ್ಪಾಗಿರುತ್ತದೆ.

ಹಿಂದಿನ ಸಂಜೆ, ಚತುರ್ದಶಿಯಂದು, ಅವನು ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲೇ ಹುಟ್ಟಿ, ಸೂರ್ಯ ಮುಳುಗುವಾಗ ಹತ್ತು ಡಿಗ್ರಿ ಮೇಲೆ ಮಬ್ಬು ಕಳಚಿಕೊಂಡು ನಿಂತಿರುತ್ತಾನೆ. ಬಿಂಬ ಶೇ 98ರಷ್ಟು ತುಂಬಿರುತ್ತದೆ. ಪೂರ್ಣವಲ್ಲ ಎಂದು ಹೇಳಲು ಪಂಚಾಂಗವನ್ನೇ ತೆರೆಯಬೇಕು. ಆಕಾಶ ಇನ್ನೂ ನೀಲಿ, ಕಟ್ಟಡಗಳ ಕಿಟಕಿಗಳಲ್ಲಿ ದೀಪ ಹತ್ತತೊಡಗಿದೆ, ಚಂದ್ರನಿಗೂ ನೆಲಕ್ಕೂ ಬೆಳಕಿನ ಅಂತರ ಮೂರು–ನಾಲ್ಕು ಸ್ಟಾಪ್ ಮಾತ್ರ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಇನ್ನರ್ಧ ಗಂಟೆ ಕಳೆದರೆ ಅದು ಎಂಟು ಸ್ಟಾಪ್ ದಾಟುತ್ತದೆ. ಆಮೇಲೆ ಒಂದೇ ಕ್ಲಿಕ್ಕಿನಲ್ಲಿ ಎರಡನ್ನೂ ಚೆನ್ನಾಗಿ ಹಿಡಿಯುವುದು ಕ್ಯಾಮೆರಾಗಳಿಗೆ ಕಷ್ಟ. ಕಪ್ಪು ಹಲಗೆಯ ಮೇಲಿನ ಸುಣ್ಣದ ಬೊಟ್ಟು ಹುಟ್ಟುವುದು ಹೀಗೆ.

ತಿಥಿಯ ಹೆಸರನ್ನೇ ನಂಬಿ ಹೊರಡಬಾರದು. ಪಂಚಾಂಗದಲ್ಲಿ ದಿನಕ್ಕೆ ಹೆಸರು ಬರುವುದು ಸೂರ್ಯೋದಯದ ತಿಥಿಯಿಂದ. ಹುಣ್ಣಿಮೆ ಎಂದು ಬರೆದ ದಿನ ಮಧ್ಯಾಹ್ನಕ್ಕೇ ಪಾಡ್ಯ ಬಂದಿದ್ದರೆ ಆ ಸಂಜೆ ಚಂದ್ರ ಹುಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ. ನೋಡಬೇಕಾದ್ದು ಎರಡು ಸಮಯ: ಸೂರ್ಯಾಸ್ತ ಮತ್ತು ಚಂದ್ರೋದಯ. ಚಂದ್ರೋದಯವು ಸೂರ್ಯಾಸ್ತಕ್ಕಿಂತ 20ರಿಂದ 50 ನಿಮಿಷ ಮೊದಲು ಬೀಳುವ ಸಂಜೆಯನ್ನು ಆರಿಸಿಕೊಂಡರೆ ಆಯಿತು. ಊರಿನಿಂದ ತಂದ ಪಂಚಾಂಗವನ್ನು ಇದಕ್ಕೆ ಬಳಸುವವರು ಇನ್ನೊಂದು ಸಂಗತಿ ಗಮನಿಸಬೇಕು. ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ. ಬೆಂಗಳೂರಿಗಿಂತ ಮುಂಬೈ ಸುಮಾರು 4.7 ಡಿಗ್ರಿ ಪಶ್ಚಿಮಕ್ಕಿದೆ. ಇದೊಂದರಿಂದಲೇ 19 ನಿಮಿಷ ತಡ. ಅಕ್ಷಾಂಶದ ವ್ಯತ್ಯಾಸವೂ ಸೇರಿದರೆ ಋತುವಿಗೆ ತಕ್ಕಂತೆ ಇನ್ನೂ ಹತ್ತು ನಿಮಿಷ ಆಚೀಚೆ. ಉಡುಪಿ ಲೆಕ್ಕದ ಪಂಚಾಂಗವಾದರೆ ರೇಖಾಂಶದ ವ್ಯತ್ಯಾಸ ಎಂಟು ನಿಮಿಷಕ್ಕೆ ಇಳಿಯುತ್ತದೆ. ಕೈಯಲ್ಲಿರುವ ಬೆಳಕೇ 20 ನಿಮಿಷದ್ದಾದಾಗ ಈ ಲೆಕ್ಕ ತಪ್ಪಿದರೆ ಸಂಜೆಯೇ ತಪ್ಪಿದಂತೆ.

ಸಂಪಾದಕರಲ್ಲಿ ಮೊದಲ ಕೋರಿಕೆ ಇದೇ. ಸಂಕಷ್ಟಿಯ ದಿನ ಚಂದ್ರೋದಯದ ಸಮಯವನ್ನು ಮುಂಬೈ ಲೆಕ್ಕದಲ್ಲಿ ಅಚ್ಚುಕಟ್ಟಾಗಿ ಕೊಡುವ ಹಾಗೆಯೇ ದಿನವೂ ಸೂರ್ಯಾಸ್ತದ ಪಕ್ಕ ಒಂದು ಸಾಲು ಚಂದ್ರೋದಯ–ಚಂದ್ರಾಸ್ತ ಹಾಕಿದರೆ ಉಪವಾಸ ಮಾಡದವರಿಗೂ ಉಪಕಾರ.

ಇನ್ನು ಎಕ್ಸ್‌ಪೋಶರ್, ಅಂದರೆ ಎಷ್ಟು ಬೆಳಕು ಒಳಗೆ ಬಿಡಬೇಕು ಎಂಬುದು. ಚಂದ್ರನೆಂದರೆ ಬಿಸಿಲಿಗೆ ಬಿದ್ದ ಕಲ್ಲುಬಂಡೆ. ಬಿದ್ದ ಬೆಳಕಿನಲ್ಲಿ ಶೇ 12ರಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುತ್ತಾನೆ, ಸವೆದ ಡಾಂಬರು ರಸ್ತೆಯ ಹಾಗೆ. ಆದರೂ ಅದು ಹಗಲಿನ ಬೆಳಕೇ. ಹಳೆಯ ಫಿಲ್ಮ್ ಕಾಲದಿಂದ ಬಂದ ಸೂತ್ರ ಹೀಗಿದೆ: ಅಪರ್ಚರ್ (ಲೆನ್ಸಿನ ಕಂಡಿಯ ಅಳತೆ) ಎಫ್ 11 ಇಟ್ಟು, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಎಷ್ಟೋ ಅದರ ತಲೆಕೆಳಗಿನ ಸಂಖ್ಯೆಯನ್ನು ಶಟರ್ ವೇಗಕ್ಕೆ ಕೊಡುವುದು. ಐಎಸ್‌ಒ 100 ಇದ್ದರೆ 1/100 ಸೆಕೆಂಡ್. ಎಫ್ 8ಕ್ಕೆ ಬಂದರೆ 1/200. ಇದು ಹುಣ್ಣಿಮೆ ಚಂದ್ರ ಶುಭ್ರ ಆಕಾಶದಲ್ಲಿ ಮೇಲೇರಿದಾಗಿನ ಮಾತು. ಅರ್ಧಚಂದ್ರನಿಗೆ ಎರಡು ಸ್ಟಾಪ್ ಹೆಚ್ಚು ಕೊಡಬೇಕು. ಬೆಳಗಿದ ಭಾಗ ಅರ್ಧವಾದರೂ ಒಟ್ಟು ಬೆಳಕು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ, ಏಕೆಂದರೆ ಓರೆ ಬಿಸಿಲಿಗೆ ಪ್ರತಿ ಗುಂಡಿಯೂ ಗುಡ್ಡವೂ ತನ್ನ ನೆರಳು ಚೆಲ್ಲಿರುತ್ತದೆ. ಬಿದಿಗೆ–ತದಿಗೆಗೆ ಮೂರು ಸ್ಟಾಪ್ ಅಥವಾ ಅದಕ್ಕೂ ಮೇಲೆ.

ಮುಂಬೈಯಲ್ಲಿ ಈ ಸೂತ್ರಕ್ಕೆ ಮಬ್ಬಿನ ತೆರಿಗೆ ಸೇರಿಸಿಕೊಳ್ಳಬೇಕು. ಹದಿನೈದು ಡಿಗ್ರಿ ಎತ್ತರದಲ್ಲಿ ಒಂದು ಸ್ಟಾಪ್, ದಿಗಂತದಿಂದ ಆಗಷ್ಟೇ ಎದ್ದ ಕೆಂಪು ಚಂದ್ರನಿಗೆ ಎರಡು–ಮೂರು ಸ್ಟಾಪ್. ಚತುರ್ದಶಿಯ ಸಂಜೆ ಸೂರ್ಯ ಮುಳುಗಿ ಹತ್ತು ನಿಮಿಷಕ್ಕೆ ಐಎಸ್‌ಒ 200, ಎಫ್ 8, 1/125 ಸೆಕೆಂಡಿನಿಂದ ಶುರುಮಾಡಿ. ಚಂದ್ರನ ಕಲೆಗಳು ಉಳಿದಿವೆಯೇ ಎಂದು ದೊಡ್ಡದು ಮಾಡಿ ನೋಡಿ. ಉಳಿದಿದ್ದರೆ ಒಂದು ಹೆಜ್ಜೆ ನಿಧಾನ ಮಾಡಬಹುದು, ಬೆಳ್ಳಗೆ ಮಿನುಗುವ ಎಚ್ಚರಿಕೆ ಬಂದರೆ ಹಿಂದಕ್ಕೆ. ನೆಲ ಕಪ್ಪಾಗಿ ಕಂಡರೆ ಹೆದರಬೇಡಿ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ಆದರೆ ನೆರಳಿನಿಂದ ಮೂರು ಸ್ಟಾಪ್ ಎತ್ತಿಕೊಳ್ಳಬಹುದು; ಸುಟ್ಟು ಬಿಳಿಯಾದ ಚಂದ್ರನನ್ನು ಯಾವ ಸಾಫ್ಟ್‌ವೇರೂ ಮರಳಿಸದು. ಕ್ಯಾಮೆರಾದ ಸ್ವಯಂಚಾಲಿತ ಮೀಟರ್ ಮಾತ್ರ ಬೇಡ. ಚೌಕಟ್ಟಿನ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಕತ್ತಲೆ ನೋಡಿ ಅದು ಶಟರನ್ನು ತೆರೆದೇ ಇಡುತ್ತದೆ. ಬಣ್ಣದ ಹದ ನಿರ್ಧರಿಸುವ ವೈಟ್ ಬ್ಯಾಲೆನ್ಸನ್ನೂ ‘ಡೇಲೈಟ್’ನಲ್ಲಿ ನಿಲ್ಲಿಸಿ, ಆಟೊ ಇದ್ದರೆ ಏಳುವ ಚಂದ್ರನ ಕಿತ್ತಳೆ ಬಣ್ಣವನ್ನು ದೋಷವೆಂದು ತಿಳಿದು ತೊಳೆದುಬಿಡುತ್ತದೆ.

ಶಟರ್ ವೇಗಕ್ಕೆ ಇನ್ನೊಂದು ಮಿತಿಯಿದೆ. ಆಕಾಶದ ಓಟದಲ್ಲಿ ಚಂದ್ರ ತನ್ನದೇ ಅಗಲವನ್ನು ಎರಡು ನಿಮಿಷದಲ್ಲಿ ದಾಟುತ್ತಾನೆ. 400 ಎಂ.ಎಂ. ಲೆನ್ಸಿನಲ್ಲಿ 1/8 ಸೆಕೆಂಡಿಗೇ ಒಂದು ಪಿಕ್ಸೆಲ್ ಜಾರಿರುತ್ತಾನೆ. ‘ಟ್ರೈಪಾಡ್ ಇದೆಯಲ್ಲ, ಎರಡು ಸೆಕೆಂಡ್ ಕೊಡೋಣ’ ಎಂದವರಿಗೆ ಅಂಚು ಕದಡಿದ ಚಂದ್ರ ಸಿಗುತ್ತಾನೆ.

ಲೆನ್ಸ್ ಯಾವುದು? ಚತುರ್ದಶಿಯ ಚಂದ್ರ 13–15 ಡಿಗ್ರಿ ಮೇಲಿರುವಾಗ ನೆಲವನ್ನೂ ಸೇರಿಸಬೇಕಾದರೆ ಕ್ಯಾಮೆರಾವನ್ನು ಲಂಬವಾಗಿ ಹಿಡಿದು ದೊಡ್ಡ ಸೆನ್ಸರಿನ ಫುಲ್‌ಫ್ರೇಮಿಗೆ 85 ಎಂ.ಎಂ., ಅದಕ್ಕಿಂತ ಸಣ್ಣದಾದ ಎಪಿಎಸ್‌ಸಿ ಸೆನ್ಸರಿಗೆ 55 ಎಂ.ಎಂ. ಹದವಾಗಿ ಹೊಂದುತ್ತದೆ. ಕ್ಯಾಮೆರಾ ಜೊತೆಗೆ ಬರುವ ಸಾಮಾನ್ಯ 18–55 ಲೆನ್ಸಿನ ತುದಿಯೇ ಸಾಕು ಎಂದಾಯಿತು. 15 ಸೆಂ.ಮೀ. ಎತ್ತರಕ್ಕೆ ಅಚ್ಚು ಹಾಕಿದರೆ ಈ ಚಂದ್ರ ಮೂರು ಮಿ.ಮೀ., ಒಂದು ಕೊತ್ತಂಬರಿ ಕಾಳಿನಷ್ಟು. ಕಣ್ಣು ಹೋಗಿ ಅಲ್ಲೇ ನಿಲ್ಲಲು ಅಷ್ಟು ಧಾರಾಳ ಸಾಕು, ಉಳಿದ ಚೌಕಟ್ಟು ಖಾಲಿ ಇರುವವರೆಗೆ. ಆ ಖಾಲಿಯನ್ನು ತುಂಬುವ ಆಸೆಯಲ್ಲೇ ಹೆಚ್ಚಿನ ಚಿತ್ರಗಳು ಕೆಡುತ್ತವೆ: ಒಂದು ಕಡೆ ಹೋರ್ಡಿಂಗ್, ಇನ್ನೊಂದು ಕಡೆ ಹಳದಿ ಹ್ಯಾಲೊಜನ್, ಮೇಲೆ ಕೇಬಲ್ಲಿನ ಸಿಕ್ಕು. ಚೌಕಟ್ಟಿನಲ್ಲಿ ಚಂದ್ರನಿಗಿಂತ ಪ್ರಕಾಶಮಾನವಾದ ದೀಪ ಒಂದೇ ಒಂದಿದ್ದರೂ ಕಣ್ಣು ಅಲ್ಲಿಗೆ ಓಡುತ್ತದೆ. ಎರಡು ಹೆಜ್ಜೆ ಸರಿದು ಅದನ್ನು ಕಂಬದ ಹಿಂದೆ ಮರೆಮಾಡಿ.

ಚಂದ್ರ ಏರುವ ದಾರಿಯನ್ನು ಮೊದಲೇ ಎಣಿಸಿಕೊಂಡರೆ ಜಾಗ ಸುಲಭವಾಗಿ ಸಿಗುತ್ತದೆ. ಮುಂಬೈಯಿಂದ ನೋಡಿದರೆ ಅವನು ನೆಟ್ಟಗೆ ಏರುವುದಿಲ್ಲ. ಮೂರು ಡಿಗ್ರಿ ಏರುವಾಗ ಸುಮಾರು ಒಂದು ಡಿಗ್ರಿ ಬಲಕ್ಕೆ ಓರೆಯಾಗುತ್ತಾನೆ. ಮುಳುಗುವಾಗಲೂ ಬಲಕ್ಕೇ ಜಾರುತ್ತಾನೆ. ಚಳಿಗಾಲದ ಹುಣ್ಣಿಮೆ ಈಶಾನ್ಯದ ಕಡೆ ಹುಟ್ಟಿದರೆ ಬೇಸಿಗೆಯದು ಆಗ್ನೇಯದ ಕಡೆ. ಒಂದರಿಂದ ಇನ್ನೊಂದಕ್ಕೆ ಐವತ್ತು–ಅರವತ್ತು ಡಿಗ್ರಿ ಅಂತರ. ಡಿಸೆಂಬರಿನಲ್ಲಿ ಕಂಡ ಜಾಗಕ್ಕೆ ಮೇ ತಿಂಗಳಲ್ಲಿ ಹೋಗಿ ಕಾಯುವವರಿಗೆ ಚಂದ್ರ ಸಿಗದಿರುವುದು ಇದಕ್ಕೇ. ಪೂರ್ವಕ್ಕೆ ಗುಡ್ಡವಿದ್ದರೆ ಅದರ ಲೆಕ್ಕವೂ ಬೇಕು. ಮೂರು ಕಿ.ಮೀ. ಆಚೆಯ 200 ಮೀಟರ್ ಗುಡ್ಡ ಸುಮಾರು ನಾಲ್ಕು ಡಿಗ್ರಿ ಮರೆಮಾಡುತ್ತದೆ, ಅಂದರೆ 17–18 ನಿಮಿಷ. ಗೋರೆಗಾಂವ್, ಬೋರಿವಲಿಯವರಿಗೆ ನ್ಯಾಷನಲ್ ಪಾರ್ಕಿನ ಗುಡ್ಡ ಪೂರ್ವಕ್ಕಿರುವುದರಿಂದ ಚಂದ್ರೋದಯ ತಡ. ಅದೇ ಗುಡ್ಡದಿಂದ ಮುಲುಂಡಿನವರಿಗೆ ಚಂದ್ರಾಸ್ತ ಬೇಗ.

ಫೋರ್ಟ್ ಪ್ರದೇಶದ ಓವಲ್ ಮೈದಾನ ಈ ಲೆಕ್ಕಾಚಾರ ಕಲಿಯಲು ಒಳ್ಳೆಯ ಶಾಲೆ. 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅಲ್ಲಿನ ಕಟ್ಟಡಗಳ ಸಾಲಿನಲ್ಲಿ ರಾಜಾಬಾಯಿ ಗೋಪುರ ಮೈದಾನದ ಪೂರ್ವಕ್ಕಿದೆ, ಎತ್ತರ ಸುಮಾರು 85 ಮೀಟರ್. ಇನ್ನೂರು ಮೀಟರ್ ದೂರ ನಿಂತರೆ ಗೋಪುರದ ತುದಿ 23 ಡಿಗ್ರಿ ಮೇಲೆ ಬರುತ್ತದೆ. ಚಂದ್ರ ಅಲ್ಲಿಗೆ ಏರಲು ಒಂದು ಗಂಟೆ ನಲವತ್ತು ನಿಮಿಷ. ಚತುರ್ದಶಿಯಂದು ಹೋದರೆ ಅಷ್ಟರಲ್ಲಿ ಕತ್ತಲು. ಇಲ್ಲಿಗೆ ಸರಿಯಾದ ದಿನ ಇನ್ನೂ ಒಂದು ದಿನ ಹಿಂದಿನ ತ್ರಯೋದಶಿ. ಗೋಪುರ ಎತ್ತರವಿದ್ದಷ್ಟೂ, ನೀವು ಅದಕ್ಕೆ ಹತ್ತಿರ ನಿಂತಷ್ಟೂ ದಿನ ಹಿಂದಕ್ಕೆ ಸರಿಯಬೇಕು. ಗೇಟ್‌ವೇ ಆಫ್ ಇಂಡಿಯಾ 26 ಮೀಟರ್. ನೂರು ಮೀಟರ್ ಹಿಂದೆ ನಿಂತರೆ ಅದರ ನೆತ್ತಿ 14–15 ಡಿಗ್ರಿ, ಹಾಗಾಗಿ ಚತುರ್ದಶಿ ಅದಕ್ಕೆ ಹೇಳಿ ಮಾಡಿಸಿದಂತಿದೆ. ಚಂದ್ರ ಗೇಟ್‌ವೇಯಷ್ಟೇ ದೊಡ್ಡದಾಗಿ ಕಾಣಬೇಕು ಎನ್ನುವವರು 26ನ್ನು 110ರಿಂದ ಗುಣಿಸಲಿ: ಸುಮಾರು 2.9 ಕಿ.ಮೀ. ಹಿಂದಕ್ಕೆ ಹೋಗಬೇಕು. ತಾಜ್ ಹೋಟೆಲನ್ನೂ ಅದರ ಹಿಂದಿನ ಇಡೀ ಕೊಲಾಬಾವನ್ನೂ ಪಾರದರ್ಶಕ ಮಾಡಿದರೆ ಮಾತ್ರ ಅದು ಸಾಧ್ಯ. ಹಾಗಿದ್ದೂ ಅಂಥ ಚಿತ್ರ ಕೈಗೆ ಬಂದರೆ ಅಚ್ಚು ಹಾಕುವ ಮುನ್ನ ಈ ಗುಣಾಕಾರ ಮಾಡಿ ನೋಡಿ. ಇನ್ನು, ಗೇಟ್‌ವೇ ಬಳಿ ಟ್ರೈಪಾಡ್ ಹೂಡಿದರೆ ಕಾವಲಿನವರು ಪ್ರಶ್ನಿಸುವುದುಂಟು. ಕೇಳಿಕೊಂಡು ನಿಲ್ಲಿ, ನೌಕಾಪಡೆಯ ಜಾಗಗಳ ಕಡೆಗೆ ಲೆನ್ಸ್ ತಿರುಗಿಸಬೇಡಿ.

ಮರೀನ್ ಡ್ರೈವ್ ಮತ್ತು ಪೂರ್ಣಚಂದ್ರ ಎರಡೂ ಬೇಕೆನ್ನುವವರು ಮಲಬಾರ್ ಹಿಲ್ ಕಡೆಗೆ ದಾಟಿ ಕೊಲ್ಲಿಯಾಚೆಗೆ ನೋಡಬೇಕು. ಬೇಸಿಗೆಯ ತಿಂಗಳುಗಳಲ್ಲಿ ಅವನು ನಾರಿಮನ್ ಪಾಯಿಂಟ್ ಕಡೆಯ ಕಟ್ಟಡಗಳ ಮೇಲೆ ಏಳುತ್ತಾನೆ, ಕೆಳಗೆ ದೀಪಸಾಲು, ನೀರಿನಲ್ಲಿ ಅದರ ನೆರಳು. ಶಿವಡಿಯ ಜೆಟ್ಟಿಯಿಂದ ಪೂರ್ವ ಪೂರ್ತಿ ತೆರೆದಿದೆ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವಿನ ದೀಪಗಳು ಅಲ್ಲಿಂದ ನೀರಿನ ಮೇಲೆ ಒಂದು ಗೆರೆ ಎಳೆಯುತ್ತವೆ. ಆ ಗೆರೆಯನ್ನು ಚೌಕಟ್ಟಿನ ಕೆಳಗಿನ ಐದನೇ ಒಂದು ಪಾಲಿನಲ್ಲಿಟ್ಟು ಚಂದ್ರನನ್ನು ಮೇಲೆ ಎಡಕ್ಕೆ ಬಿಟ್ಟರೆ ಬೇರೇನೂ ಬೇಡ. ಬಲಕ್ಕೆ ಏರುವವನಿಗೆ ಬಲದಲ್ಲಿ ಜಾಗ ಇರಲಿ.

ಕಡಲ ನೀರು ಎಲ್ಲಿರುತ್ತದೆ ಎಂಬುದನ್ನೂ ಚಂದ್ರನೇ ಹೇಳುತ್ತಾನೆ. ಹುಣ್ಣಿಮೆ, ಅಮಾವಾಸ್ಯೆಗಳಂದು ಮುಂಬೈಯಲ್ಲಿ ಉಬ್ಬರ, ನಮ್ಮ ಕರಾವಳಿಯವರು ‘ಭರತ’ ಎನ್ನುವುದು, ನಡುಹಗಲು ಮತ್ತು ನಡುರಾತ್ರಿಯ ಆಸುಪಾಸು. ಇಳಿತ ಬೆಳಗ್ಗೆ ಆರು, ಸಂಜೆ ಆರರ ಸುತ್ತಮುತ್ತ. ಅಂದರೆ ಚಂದ್ರ ದಿಗಂತದಲ್ಲಿರುವ ಹೊತ್ತಿಗೆ ಸರಿಯಾಗಿ ನೀರು ಹಿಂದೆ ಸರಿದಿರುತ್ತದೆ. ಶಿವಡಿಯಲ್ಲಿ ಕೆಸರಿನ ಬಯಲು, ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಬಂಡೆಗಳ ನಡುವೆ ನಿಂತ ನೀರು, ದಾದರ್ ಚೌಪಾಟಿಯಲ್ಲಿ ಕನ್ನಡಿಯಂಥ ಹಸಿ ಮರಳು. ಚಂದ್ರನ ಪ್ರತಿಬಿಂಬಕ್ಕೆ ಅಲೆಯಾಡುವ ನೀರಿಗಿಂತ ಇದೇ ಮೇಲು. ಕೆಸರಿಗೆ ಮಾತ್ರ ಇಳಿಯಬೇಡಿ, ಮೊಣಕಾಲವರೆಗೆ ಎಳೆದುಕೊಳ್ಳುತ್ತದೆ. ಪಾಚಿಗಟ್ಟಿದ ಬಂಡೆಯ ಮೇಲೆ ಟ್ರೈಪಾಡಿನ ಕಾಲು ಜಾರುವುದೂ ಖಚಿತ.

ಸೀ ಲಿಂಕ್ ಜೊತೆ ಪೂರ್ಣಚಂದ್ರ ಬೇಕಾದರೆ ಬೆಳಗ್ಗೆ ಏಳಬೇಕು. ದಾದರ್ ಚೌಪಾಟಿಯಿಂದ ಬಾಂದ್ರಾ ಕಡೆಯ ಎತ್ತರದ ಗೋಪುರಗಳು ವಾಯವ್ಯಕ್ಕೆ ವಾಲಿದ ದಿಕ್ಕಿನಲ್ಲಿ, ಎರಡು ಕಿ.ಮೀ. ದಾಟಿದ ದೂರದಲ್ಲಿವೆ. ಡಿಸೆಂಬರ್–ಜನವರಿಯ ಹುಣ್ಣಿಮೆ ಚಂದ್ರ ಮುಳುಗುವುದೂ ಆ ಕಡೆಗೇ. ಚಂದ್ರಾಸ್ತ ಸೂರ್ಯೋದಯದ ಹತ್ತು ನಿಮಿಷ ಆಚೀಚೆ ಬೀಳುವ ಬೆಳಗನ್ನು ಹುಡುಕಿ ಅರ್ಧ ಗಂಟೆ ಮೊದಲೇ ನಿಲ್ಲಿ. ಗೋಪುರ ಚಂದ್ರನ ಆರು ಪಟ್ಟು ಎತ್ತರ ಕಾಣುತ್ತದೆ, 200 ಎಂ.ಎಂ. ಸಾಕು. ಚಂದ್ರ ಕೇಬಲ್ಲುಗಳ ನಡುವೆ ಬರಬೇಕೆಂದರೆ ಕಾಯಬೇಡಿ, ನಡೆಯಿರಿ. ಒಂದು ಕಿ.ಮೀ. ದೂರದ ವಸ್ತುವಿಗೆ ಹೋಲಿಸಿ ಚಂದ್ರನನ್ನು ಒಂದು ಬಿಂಬದಷ್ಟು ಸರಿಸಲು ಒಂಬತ್ತು ಮೀಟರ್, ಎರಡು ಕಿ.ಮೀ.ಗೆ ಹದಿನೆಂಟು ಮೀಟರ್ ಪಕ್ಕಕ್ಕೆ ಹೋಗಬೇಕು. ಟ್ರೈಪಾಡ್ ಹೊತ್ತು ಮರಳಿನಲ್ಲಿ ಓಡುವುದೇ ಆ ಹತ್ತು ನಿಮಿಷದ ಮುಖ್ಯ ಕೆಲಸ.

ಸಂಜೆ ಪಶ್ಚಿಮ ಕಡಲಿಗೆ ಒಪ್ಪುವವನು ಬಿದಿಗೆ ಚಂದ್ರ. ಯುಗಾದಿಯ ಮರುದಿನ ಚಂದ್ರದರ್ಶನ ಮಾಡುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಲ್ಲಿ ಹಿರಿಯರು ಯುಗಾದಿ ಚಂದ್ರನ ಕೊಂಬು ಯಾವ ಕಡೆ ಮೇಲಿದೆ ಎಂದು ನೋಡಿ ಮಳೆ–ಬೆಳೆ ಹೇಳುತ್ತಿದ್ದರು. ಫೋಟೊ ತೆಗೆಯುವವರಿಗೂ ಅದೇ ಕೊಂಬು ಮುಖ್ಯ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸಂಜೆ ಸೂರ್ಯಚಂದ್ರರ ದಾರಿ ನಮ್ಮ ಅಕ್ಷಾಂಶದಲ್ಲಿ ದಿಗಂತಕ್ಕೆ ಹೆಚ್ಚುಕಮ್ಮಿ ಲಂಬವಾಗಿ ನಿಂತಿರುತ್ತದೆ. ಸೂರ್ಯ ನೇರ ಕೆಳಗಿರುವುದರಿಂದ ಚಂದ್ರನ ತಳ ಬೆಳಗಿ ಅವನು ದೋಣಿಯಂತೆ ಮಲಗುತ್ತಾನೆ. ಸೆಪ್ಟೆಂಬರಿನಲ್ಲಿ ಅದೇ ದಾರಿ ಓರೆಯಾಗಿ ಚಂದ್ರ ವಾಲಿ ನಿಲ್ಲುತ್ತಾನೆ, ಬೇಗ ಮುಳುಗುತ್ತಾನೆ. ಭಾದ್ರಪದದ ಚೌತಿ ಚಂದ್ರನನ್ನು ಕ್ಯಾಮೆರಾದ ಪರದೆಯಲ್ಲಿ ನೋಡಿದರೂ ಅಪವಾದ ಬರುತ್ತದೆಯೇ ಎಂಬ ಜಿಜ್ಞಾಸೆಯನ್ನು ಮುಂಬೈಯ ಮಳೆಮೋಡ ಹೆಚ್ಚಿನ ವರ್ಷ ತಾನೇ ಬಗೆಹರಿಸುತ್ತದೆ.

ದೋಣಿ ಚಂದ್ರನ ಒಳಗೆ ಮಸುಕಾಗಿ ಇಡೀ ಬಿಂಬ ಕಾಣುತ್ತದಲ್ಲ, ಅದು ಭೂಮಿಯಿಂದ ಹೋದ ಬೆಳಕು ಮರಳಿದ್ದು. ಅದನ್ನು ಹಿಡಿಯಲು 100 ಎಂ.ಎಂ. ಸುತ್ತಿನ ಲೆನ್ಸಿನಲ್ಲಿ ಐಎಸ್‌ಒ 800, ಎಫ್ 4, ಒಂದು ಸೆಕೆಂಡ್ ಕೊಟ್ಟು ನೋಡಿ. ಎರಡು ಸೆಕೆಂಡ್ ದಾಟಿದರೆ ಅಂಚು ಮಸುಕಾಗುತ್ತದೆ. ಬೆಳಗಿದ ಕೊಂಬು ಇಲ್ಲಿ ಸುಟ್ಟರೂ ಚೆನ್ನ, ಅದೊಂದು ರಿಯಾಯಿತಿ. ಅಂದಹಾಗೆ, ಬಿದಿಗೆ ಚಂದ್ರನ ಕತ್ತಲ ಭಾಗ ಸುತ್ತಲಿನ ಆಕಾಶಕ್ಕಿಂತ ಕಪ್ಪಗಿದ್ದರೆ ಆ ಚಿತ್ರ ಅಂಟಿಸಿದ್ದೆಂದು ತಿಳಿಯಿರಿ. ಆಕಾಶದ ಬೆಳಕು ನಮಗೂ ಚಂದ್ರನಿಗೂ ನಡುವಿನ ಗಾಳಿಯದು. ಅದಕ್ಕಿಂತ ಕಪ್ಪಾಗಲು ಚಂದ್ರನಿಗೆ ದಾರಿಯೇ ಇಲ್ಲ.

ಫೋಕಸ್ ವಿಷಯದಲ್ಲಿ ಎಡವುವವರೇ ಹೆಚ್ಚು. ಮನೆಯೆದುರಿನ ಗುಲ್‌ಮೊಹರ್ ಕೊಂಬೆ, ಆಚೆ ಚಂದ್ರ, ಎರಡೂ ಸ್ಪಷ್ಟ ಬೇಕು ಎಂದರೆ ಲೆನ್ಸ್ ಒಪ್ಪಬೇಕಲ್ಲ. ಎಫ್ 8ರಲ್ಲಿ ಚಂದ್ರನ ಮೇಲೆ ಫೋಕಸ್ ಇಟ್ಟಾಗ ಫುಲ್‌ಫ್ರೇಮಿನ 50 ಎಂ.ಎಂ. ಲೆನ್ಸಿಗೆ ಹತ್ತು ಮೀಟರಿನಾಚೆಯದೆಲ್ಲ ಸ್ಪಷ್ಟ. 85ಕ್ಕೆ ಮೂವತ್ತು ಮೀಟರ್ ಬೇಕು, 200ಕ್ಕೆ 167 ಮೀಟರ್, 400ಕ್ಕೆ ಸುಮಾರು 670 ಮೀಟರ್. ಕೊಂಬೆ ಹತ್ತಿರದ್ದಾದರೆ ಅಗಲದ ಲೆನ್ಸ್ ಬಳಸಿ, ಅಥವಾ ರಸ್ತೆಯಾಚೆಯ ಮರವನ್ನು ಆರಿಸಿ. ಅಪರ್ಚರನ್ನು ಎಫ್ 22ಕ್ಕೆ ಕಿರಿದು ಮಾಡಿ ಗೆಲ್ಲಲು ಹೋದರೆ ವಿವರ್ತನೆಯಿಂದ (ಕಿರಿದಾದ ಕಂಡಿಯಲ್ಲಿ ಬೆಳಕು ಚದುರುವುದರಿಂದ) ಎಲ್ಲವೂ ಮೆತ್ತಗಾಗುತ್ತದೆ. ಲೈವ್ ವ್ಯೂ ಹತ್ತು ಪಟ್ಟು ದೊಡ್ಡದು ಮಾಡಿ, ಬೆಳಕು–ನೆರಳು ಸೇರುವ ಗೆರೆಯಲ್ಲಿ ಕೈಯಿಂದ ಫೋಕಸ್ ಕೂಡಿಸಿ, ಮತ್ತೆ ರಿಂಗ್ ಮುಟ್ಟಬೇಡಿ. ಟ್ರೈಪಾಡ್ ಮೇಲಿದ್ದಾಗ ಲೆನ್ಸಿನ ಅಲುಗಾಟ ತಡೆಯುವ ಗುಂಡಿ ಆಫ್, ಎರಡು ಸೆಕೆಂಡ್ ಟೈಮರ್ ಆನ್, ನಡುಗಂಬ ಎತ್ತುವುದು ಬೇಡ. ರೈಲ್ವೆ ಪಾದಚಾರಿ ಸೇತುವೆಯ ಮೇಲೆ ನಿಂತವರು ಲೋಕಲ್ ಹಾದುಹೋಗುವವರೆಗೆ ಕಾಯಬೇಕು. ಅದರ ನಡುಕ ಟೆಲಿಫೋಟೊದಲ್ಲಿ ಚಂದ್ರನನ್ನು ಜೋಡಿಯಾಗಿಸುತ್ತದೆ.

ಜೋಡಿ ಚಂದ್ರನಿಗೆ ಇನ್ನೂ ಎರಡು ಕಾರಣ: ಲೆನ್ಸಿನ ಮುಂದಿನ ಯುವಿ ಫಿಲ್ಟರ್ ಮತ್ತು ಬಾಲ್ಕನಿಯ ಜಾರುಗಾಜು. ಎರಡನ್ನೂ ತೆಗೆಯಿರಿ. ಗ್ರಿಲ್ ಇದ್ದರೆ ಲೆನ್ಸಿನ ಬಾಯನ್ನು ಸರಳುಗಳ ನಡುವೆಯೇ ಇಟ್ಟುಬಿಡಿ. ಚಂದ್ರನ ಅಂಚು ಕುದಿಯುವ ಹಾಲಿನಂತೆ ಅಲುಗಿದರೆ ಅದು ಫೋಕಸ್ ದೋಷವಲ್ಲ. ಹಗಲೆಲ್ಲ ಕಾದ ಕಾಂಕ್ರೀಟ್ ಟೆರೇಸು, ತಗಡಿನ ಮಾಡು, ಪಕ್ಕದ ಮನೆಯ ಏಸಿಯ ಹೊರಪೆಟ್ಟಿಗೆ ಕಾರುವ ಬಿಸಿಗಾಳಿ. ಆ ದಿಕ್ಕು ತಪ್ಪಿಸಿ, ಅಥವಾ ನೆಲ ತಣಿದ ಬೆಳಗಿನ ಜಾವ ನೋಡಿ. ಏಸಿ ಕೋಣೆಯಿಂದ ನೇರ ಹೊರತಂದ ಲೆನ್ಸ್ ಕೂಡಲೇ ಬೆವರುತ್ತದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಚೀಲದ ಜಿಪ್ ತೆಗೆಯದೆ ಅರ್ಧ ಗಂಟೆ ಹೊರಗಿಟ್ಟರೆ ಸರಿಹೋಗುತ್ತದೆ. ಕಡಲಂಚಿನಿಂದ ಬಂದ ರಾತ್ರಿಯೇ ಉಪ್ಪಿನ ಪದರವನ್ನು ತುಸು ಒದ್ದೆ ಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ತೇವಾಂಶ 40–50 ಶೇಕಡದಲ್ಲಿ ನಿಂತರೆ ಬೂಷ್ಟು ಹಿಡಿಯುವುದಿಲ್ಲ.

ಫೋನಿನವರಿಗೆ ಎರಡು ಮಾತು. ಮುಖ್ಯ ಲೆನ್ಸಿನಲ್ಲಿ 4000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಚಂದ್ರ ಸುಮಾರು ಇಪ್ಪತ್ತನಾಲ್ಕು ಪಿಕ್ಸೆಲ್ ಮಾತ್ರ. ಐದು ಪಟ್ಟಿನ ನಿಜವಾದ ಟೆಲಿ ಲೆನ್ಸ್ ಇದ್ದರೆ ನೂರಿಪ್ಪತ್ತು. ನೈಟ್ ಮೋಡ್ ಆಫ್ ಮಾಡಿ, ಚಂದ್ರನ ಮೇಲೆ ಬೆರಳೊತ್ತಿ ಹಿಡಿದು ಲಾಕ್ ಮಾಡಿ, ಪಕ್ಕದ ಸೂರ್ಯನ ಗುರುತನ್ನು ಕಲೆ ಕಾಣುವವರೆಗೆ ಕೆಳಗೆಳೆಯಿರಿ. ಕೆಲವು ಫೋನುಗಳು ಚಂದ್ರನನ್ನು ಗುರುತಿಸಿ ಇಲ್ಲದ ಗುಂಡಿಗಳನ್ನು ತಾವೇ ತುಂಬುತ್ತವೆ. ದೃಶ್ಯ ಸುಧಾರಣೆಯ ಆ ಆಯ್ಕೆಯನ್ನು ಆಫ್ ಮಾಡಿ, ಮಸುಕಾದರೂ ನಿಮ್ಮದೇ ಚಂದ್ರ ಬರಲಿ.

ತಿಂಗಳ ಆಯ್ಕೆಯಲ್ಲಿ ಚಳಿಗಾಲಕ್ಕಿಂತ ಮಳೆ ತೊಳೆದ ಆಕಾಶವೇ ಮೇಲು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವೆ, ಧೂಳು ಏಳುವ ಮೊದಲು. ಇಲ್ಲಿನವರ ಕೋಜಾಗಿರಿ, ನಮ್ಮ ಶೀಗಿ ಹುಣ್ಣಿಮೆ ಬೀಳುವುದೂ ಸಾಮಾನ್ಯವಾಗಿ ಅಕ್ಟೋಬರಿನಲ್ಲಿ. ಟೆರೇಸಿನಲ್ಲಿ ಮಸಾಲೆ ಹಾಲು ಕಾಯುವ ರಾತ್ರಿಗೆ ಕ್ಯಾಮೆರಾ ತೆಗೆದರೆ ಕಪ್ಪು ಆಕಾಶವೇ ಗತಿ, ಹಿಂದಿನ ಸಂಜೆಯೇ ಟೆರೇಸಿನ ಬೀಗದ ಕೈ ಕೇಳಿಟ್ಟುಕೊಳ್ಳಿ.

ಕೊನೆಗೆ ಪತ್ರಿಕೆಯ ಕೆಲಸದ ಬಗ್ಗೆ. ನ್ಯೂಸ್‌ಪ್ರಿಂಟ್ ಶಾಯಿ ಹೀರಿ ನೆರಳುಗಳನ್ನು ಇನ್ನಷ್ಟು ಕಪ್ಪು ಮಾಡುತ್ತದೆ. ಹಾಗಾಗಿ ಮುಸ್ಸಂಜೆಯ ಚಿತ್ರವನ್ನು ಪರದೆಯಲ್ಲಿ ತುಸು ಹೆಚ್ಚೇ ತಿಳಿಯಾಗಿ ಕಾಣುವಂತೆ ಎತ್ತಿ ಕಳಿಸಬೇಕೆಂದು ಓದುಗರಿಗೆ ತಿಳಿಸಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಚಂದ್ರನ ಸುತ್ತಲಿನ ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಡಾಕ್ಯುಮೆಂಟ್ ಆಗಿ ಅಥವಾ ಇಮೇಲಿನಲ್ಲಿ ಕೇಳಿ. ಅಡಿಬರಹದಲ್ಲಿ ಹೆಸರಿನ ಜೊತೆಗೆ ಜಾಗ, ದಿನಾಂಕ, ಗಂಟೆ–ನಿಮಿಷ, ನೋಡಿದ ದಿಕ್ಕು, ಲೆನ್ಸ್, ಒಂದೇ ಕ್ಲಿಕ್ಕೋ ಜೋಡಿಸಿದ್ದೋ ಎಂಬುದು ಇರಲಿ. ಒಂದೇ ಜಾಗದಿಂದ, ಒಂದೇ ಲೆನ್ಸಿನಿಂದ, ನಿಮಿಷದೊಳಗೆ ತೆಗೆದ ಎರಡು ಎಕ್ಸ್‌ಪೋಶರ್ ಸೇರಿಸಿದ್ದರೆ ಹಾಗೆಂದು ಬರೆದು ಹಾಕಬಹುದು, ಅದರಲ್ಲಿ ಮೋಸವಿಲ್ಲ. 400 ಎಂ.ಎಂ.ನ ಚಂದ್ರನನ್ನು 24 ಎಂ.ಎಂ.ನ ಊರಿನ ಮೇಲೆ ಕೂರಿಸಿದ್ದನ್ನು ವಾಪಸು ಕಳಿಸಿ, ಜೊತೆಗೆ ಮುಂದಿನ ಚತುರ್ದಶಿಯ ಚಂದ್ರೋದಯದ ಸಮಯವನ್ನೂ ಬರೆದು.

– ಒಬ್ಬ ಓದುಗ, ಮಾಟುಂಗಾ, ಮುಂಬೈ